ಹವಾನಿಯಂತ್ರಕದ ಹೊರಘಟಕದ ದೋಷಗಳು

ಹವಾನಿಯಂತ್ರಕದ ಹೊರಘಟಕವು ಸ್ಪ್ಲಿಟ್ ಮಾದರಿಯ ಹವಾನಿಯಂತ್ರಕದಲ್ಲಿ ಕಟ್ಟಡದ ಹೊರಗೆ ಅಳವಡಿಸುವ ಭಾಗವಾಗಿದೆ. ಆಡುಮಾತಿನಲ್ಲಿ ಇದನ್ನು ಔಟ್‌ಡೋರ್ ಯೂನಿಟ್ ಎಂದೂ ಬರಿದೇ ಔಟ್‌ಡೋರ್ ಎಂದೂ ಕರೆಯುತ್ತಾರೆ. ಕೋಣೆಯಿಂದ ಹೀರಿದ ಶಾಖವನ್ನು ಹೊರಗಾಳಿಗೆ ಬಿಡುವುದು ಇದರ ಕೆಲಸ. ಕೋಣೆ ತಂಪಾಗದಿದ್ದಾಗ ದೋಷವು ಬಹುಮಟ್ಟಿಗೆ ಈ ಘಟಕದಲ್ಲಿ, ಇಲ್ಲವೇ ಇದಕ್ಕೆ ಬರುವ ವಿದ್ಯುತ್ತಿನಲ್ಲಿ ಇರುತ್ತದೆ. ಇಂಥ ಸಂದರ್ಭದಲ್ಲಿ "ಗ್ಯಾಸ್ ಖಾಲಿಯಾಗಿದೆ" ಎಂಬ ತೀರ್ಮಾನಕ್ಕೆ ಮೊದಲೇ ಬಂದುಬಿಡುವುದು ರೂಢಿಯಾಗಿದ್ದರೂ, ಪರೀಕ್ಷೆಯ ಕ್ರಮದಲ್ಲಿ ಅನಿಲವು ಕೊನೆಗೆ ಬರಬೇಕಾದ ವಿಷಯವಾಗಿದೆ.

ರಚನೆ ಮತ್ತು ಕಾರ್ಯವಿಧಾನ

ಹೊರಘಟಕದಲ್ಲಿ ಕಂಪ್ರೆಸರ್ ಎನ್ನಲಾಗುವ ಸಂಪೀಡಕ, ಕಂಡೆನ್ಸರ್ ಎನ್ನಲಾಗುವ ತಾಮ್ರ ಅಥವಾ ಅಲ್ಯೂಮಿನಿಯಂ ಸುರುಳಿ, ಅದರ ಮೂಲಕ ಗಾಳಿಯನ್ನು ಎಳೆಯುವ ಫ್ಯಾನು ಮತ್ತು ಇವುಗಳನ್ನು ನಡೆಸುವ ವಿದ್ಯುತ್ ಭಾಗಗಳು ಇರುತ್ತವೆ. ಹಳೆಯ ಸ್ಥಿರವೇಗದ ಯಂತ್ರಗಳಲ್ಲಿ ಈ ವಿದ್ಯುತ್ ಭಾಗವೆಂದರೆ ಮುಖ್ಯವಾಗಿ ಕೆಪಾಸಿಟರ್ ಹಾಗೂ ಕಾಂಟ್ಯಾಕ್ಟರ್ ಅಥವಾ ರಿಲೇ. ಇನ್ವರ್ಟರ್ ಯಂತ್ರಗಳಲ್ಲಿ ಇವುಗಳ ಸ್ಥಾನದಲ್ಲಿ ಪಿಸಿಬಿ ಎಂದು ಕರೆಯುವ ವಿದ್ಯುನ್ಮಾನ ಫಲಕವಿರುತ್ತದೆ.

ಒಳಘಟಕದಲ್ಲಿ ಶೀತಕವು ಆವಿಯಾಗುತ್ತ ಕೋಣೆಯ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಸಂಪೀಡಕವು ಒತ್ತಿ ಬಿಸಿ ಮಾಡುತ್ತದೆ. ಹೊರಗಾಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಮಾತ್ರ ಅದು ತನ್ನ ಶಾಖವನ್ನು ಹೊರಗಾಳಿಗೆ ಕೊಡಬಲ್ಲದು. ಹಾಗೆ ಶಾಖ ಕಳೆದುಕೊಂಡ ಆವಿ ಸುರುಳಿಯಲ್ಲಿ ದ್ರವವಾಗಿ ಮರಳಿ ಒಳಗೆ ಹೋಗುತ್ತದೆ. ಒಂದೂವರೆ ಟನ್ನಿನ ಯಂತ್ರವು ಕೋಣೆಯಿಂದ ಸುಮಾರು 5 ಕಿಲೋವ್ಯಾಟ್‌ನಷ್ಟು ಶಾಖವನ್ನು ತೆಗೆಯುತ್ತದೆ. ಸಂಪೀಡಕ ಬಳಸಿದ ವಿದ್ಯುತ್ತೂ ಕೊನೆಗೆ ಶಾಖವೇ ಆಗುವುದರಿಂದ ಹೊರಘಟಕವು ಆರರಿಂದ ಏಳು ಕಿಲೋವ್ಯಾಟ್‌ನಷ್ಟನ್ನು ಹೊರಹಾಕಬೇಕಾಗುತ್ತದೆ. ಈ ದಾರಿಗೆ ತಡೆಯಾದರೆ ಒತ್ತಡ ಏರುತ್ತದೆ, ಸಂಪೀಡಕ ಎಳೆಯುವ ವಿದ್ಯುತ್ ಪ್ರವಾಹ ಏರುತ್ತದೆ, ತಂಪು ಕಡಿಮೆಯಾಗುತ್ತದೆ. ಇಲ್ಲಿ ಟನ್ ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ಲೆಕ್ಕದಿಂದ ಬಂದ ಅಳತೆ ಅದು, ಸುಮಾರು 3.5 ಕಿಲೋವ್ಯಾಟ್‌ಗೆ ಸಮ.

ಬಯಲುಸೀಮೆಯ ವಿಶೇಷ ಸಂದರ್ಭ

ಯಂತ್ರಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ ಹೊರಗಾಳಿ 35 ಡಿಗ್ರಿ ಸೆಲ್ಸಿಯಸ್ ಇರುವಾಗ ಅಳೆದು ನಮೂದಿಸುತ್ತಾರೆ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಂಥ ಬಯಲುಸೀಮೆಯ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನದ ಉಷ್ಣಾಂಶ ಇದನ್ನು ಸಲೀಸಾಗಿ ದಾಟುತ್ತದೆ. ಕಾಂಕ್ರೀಟ್ ಮಾಳಿಗೆಯ ಮೇಲೆ, ನೆರಳಿಲ್ಲದೆಡೆ ಕೂರಿಸಿದ ಹೊರಘಟಕದ ಸುತ್ತಲಿನ ಗಾಳಿ ಊರಿನ ಉಷ್ಣಾಂಶಕ್ಕಿಂತಲೂ ಬಿಸಿಯಾಗಿರುತ್ತದೆ. ಆದ್ದರಿಂದ ಏಪ್ರಿಲ್-ಮೇ ತಿಂಗಳ ನಡುಹಗಲಿನಲ್ಲಿ ತಂಪು ತುಸು ಕಡಿಮೆಯಾದರೆ ಅದು ದೋಷವೇ ಆಗಿರಬೇಕೆಂದಿಲ್ಲ. ರಾತ್ರಿಯೂ ತಂಪಾಗದಿದ್ದರೆ ಮಾತ್ರ ಪರೀಕ್ಷೆ ಅಗತ್ಯ. ಮಣ್ಣಿನ ಮಾಳಿಗೆ ಮತ್ತು ದಪ್ಪ ಗೋಡೆಗಳ ಹಳೆಯ ಮನೆಗಳಲ್ಲಿ ಈ ಯಂತ್ರದ ಹೊರೆ ಕಡಿಮೆ. ಅಂಥ ಮನೆಗಳನ್ನು ಕೆಡವಿ ಸ್ಲ್ಯಾಬ್ ಹಾಕಿದ ಮೇಲೆಯೇ ಇದರ ಅವಶ್ಯಕತೆ ಹೆಚ್ಚಿತೆನ್ನಬಹುದು.

ಎರಡನೆಯದು ಧೂಳು. ಕಪ್ಪತಗುಡ್ಡದ ಸುತ್ತಲಿನ ಬಯಲಿನಲ್ಲಿ ಗಾಳಿ ಬಿರುಸು. ಆ ಬೀಸಿನಿಂದಲೇ ಜಿಲ್ಲೆಯಲ್ಲಿ ಗಾಳಿಯಂತ್ರಗಳು ವಿದ್ಯುತ್ ಉತ್ಪಾದಿಸುತ್ತಿವೆ. ಅದೇ ಗಾಳಿ ಒಣಗಿದ ಎರೆಹೊಲದ ಮಣ್ಣನ್ನೂ ರಾಶಿ ಮಾಡುವ ಕಾಲದ ಹೊಟ್ಟನ್ನೂ ಹೊತ್ತು ತಂದು ಕಂಡೆನ್ಸರಿನ ತೆಳ್ಳನೆಯ ರೆಕ್ಕೆಗಳ ನಡುವೆ ತುಂಬುತ್ತದೆ. ಹತ್ತಿ ಹಿಂಜುವ ಕಾರ್ಖಾನೆಗಳ ಆಸುಪಾಸಿನಲ್ಲಿ ಹತ್ತಿಯ ಎಳೆಗಳು ಹಿಂಬದಿಗೆ ಕಂಬಳಿಯಂತೆ ಅಂಟಿಕೊಳ್ಳುವುದುಂಟು. ಮೊದಲ ಮಳೆ ಬಿದ್ದಾಗ ಈ ಧೂಳು ಕೆಸರಾಗಿ, ಮರುದಿನದ ಬಿಸಿಲಿಗೆ ಗಟ್ಟಿಯಾಗುತ್ತದೆ.

ಮೂರನೆಯದು ಭೂಸಂಪರ್ಕ, ಅಂದರೆ ಅರ್ಥಿಂಗ್. ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಭೂಸಂಪರ್ಕದ ಗುಂಡಿಯ ವಿದ್ಯುತ್ ರೋಧ ಏರುತ್ತದೆ. ಹವಾನಿಯಂತ್ರಕವನ್ನು ಹೆಚ್ಚಾಗಿ ಬಳಸುವ ಕಾಲದಲ್ಲಿಯೇ ಅದರ ಲೋಹದ ಕವಚಕ್ಕೆ ಸೋರಿದ ವಿದ್ಯುತ್ತು ನೆಲಕ್ಕೆ ಇಳಿಯಲು ದಾರಿ ಸಾಲದೆ ಹೋಗುವುದು ಅಪಾಯದ ಸಂಗತಿ. ಬೇಸಿಗೆಯಲ್ಲಿ ಈ ಗುಂಡಿಗೆ ಆಗಾಗ ನೀರು ಹಾಕುವ ಹಳೆಯ ಪದ್ಧತಿಗೆ ಇದೇ ಕಾರಣ. ಇದರ ಜೊತೆಗೆ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿತಗೊಳ್ಳುವ ಸುರಕ್ಷಾ ಸ್ವಿಚ್ಚು ಇರುವುದು ಒಳ್ಳೆಯದು.

ಪರೀಕ್ಷೆಯ ಕ್ರಮ

ಯಾವ ಉಪಕರಣವೂ ಇಲ್ಲದೆ, ಕವಚವನ್ನೂ ಬಿಚ್ಚದೆ ಮೂರು ಸಂಗತಿಗಳನ್ನು ಗಮನಿಸಬಹುದು: ಹೊರಗಿನ ಫ್ಯಾನು ತಿರುಗುತ್ತಿದೆಯೇ, ಸಂಪೀಡಕದ ಗುಂಯ್ ಎಂಬ ಸದ್ದು ಕೇಳುತ್ತಿದೆಯೇ, ಹೊರಬೀಳುವ ಗಾಳಿ ಬಿಸಿಯಾಗಿದೆಯೇ. ಮೂರಕ್ಕೂ ಉತ್ತರ ಹೌದೆಂದಾದರೆ ಶಾಖ ಸಾಗಣೆ ನಡೆಯುತ್ತಿದೆ ಎಂದರ್ಥ. ಆಗ ಒಳಘಟಕದ ಜಾಳಿಗೆ, ತೆರೆದ ಬಾಗಿಲು, ಕೋಣೆಯ ಅಳತೆ ಮುಂತಾದವುಗಳ ಕಡೆ ಗಮನ ಕೊಡಬೇಕು.

ಹೊರಘಟಕ ಸಂಪೂರ್ಣ ಮೌನವಾಗಿದ್ದರೆ ಮೊದಲು ರಿಮೋಟಿನಲ್ಲಿ ತಂಪು ಮಾಡುವ ವಿಧಾನ ಆಯ್ಕೆಯಾಗಿದೆಯೇ, ನಿಗದಿಪಡಿಸಿದ ಉಷ್ಣಾಂಶ ಕೋಣೆಯದಕ್ಕಿಂತ ಕಡಿಮೆಯಿದೆಯೇ ಎಂದು ನೋಡಬೇಕು. ವಿದ್ಯುತ್ತು ಹೋಗಿ ಬಂದ ಮೇಲೆ ಸಂಪೀಡಕವು ಸುಮಾರು ಮೂರು ನಿಮಿಷ ತಡೆದು ಆರಂಭವಾಗುತ್ತದೆ. ಸ್ಟೆಬಿಲೈಸರಿನ ತಡೆಯೂ ಸೇರಿದರೆ ಕಾಯುವ ಹೊತ್ತು ಇನ್ನೂ ಹೆಚ್ಚು. ಈ ತಡೆಯನ್ನು ದೋಷವೆಂದು ತಿಳಿದು ಸ್ವಿಚ್ಚನ್ನು ಪದೇ ಪದೇ ಒತ್ತಿದರೆ ಪ್ರತಿ ಸಲವೂ ಕಾಯುವ ಹೊತ್ತು ಹೊಸದಾಗಿ ಆರಂಭವಾಗುತ್ತದೆ. ಎಂಸಿಬಿ ಬಿದ್ದಿದ್ದರೆ ಒಮ್ಮೆ ಮಾತ್ರ ಎತ್ತಿ ನೋಡಬಹುದು. ಕೂಡಲೇ ಮತ್ತೆ ಬಿದ್ದರೆ ಒಳಗೆ ತಂತಿ ತಗುಲಿಕೊಂಡಿರುವ ಅಥವಾ ಸಂಪೀಡಕದ ಸುತ್ತು ಸುಟ್ಟಿರುವ ಸಂಭವವಿದ್ದು, ಮತ್ತೆ ಎತ್ತುವುದು ಸಲ್ಲದು. ಇನ್ವರ್ಟರ್ ಯಂತ್ರಗಳಲ್ಲಿ ಒಳ-ಹೊರ ಘಟಕಗಳ ನಡುವಿನ ಸಂವಹನ ತಂತಿಯನ್ನು ಇಲಿ ಕಡಿದರೂ ಹೊರಘಟಕ ಮೌನವಾಗುತ್ತದೆ; ಆಗ ಒಳಘಟಕದ ಫಲಕದಲ್ಲಿ ದೋಷಸಂಕೇತ ಮೂಡುವುದುಂಟು. ಸಂಕೇತಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾದ್ದರಿಂದ ಕೈಪಿಡಿಯನ್ನೇ ನೋಡಬೇಕು. ಬೆಚ್ಚಗಿನ ಜಾಗ ಹುಡುಕಿ ಬಂದ ಹಲ್ಲಿ ಮತ್ತು ಇರುವೆಗಳು ಪಿಸಿಬಿಯನ್ನೋ ಕಾಂಟ್ಯಾಕ್ಟರನ್ನೋ ಕೆಡಿಸುವುದು ತಂತ್ರಜ್ಞರಿಗೆಲ್ಲ ಪರಿಚಿತವಾದ ಸಂಗತಿ.

ವೋಲ್ಟೇಜ್

ಭಾರತದಲ್ಲಿ ಮನೆಗೆ ಬರುವ ಒಂಟಿ ಫೇಸಿನ ವಿದ್ಯುತ್ತು 230 ವೋಲ್ಟ್ ಇರಬೇಕು; ಶೇ. 6ರಷ್ಟು ಏರಿಳಿತಕ್ಕೆ ಅವಕಾಶವಿದೆ. ಅಂದರೆ ಸುಮಾರು 216ರಿಂದ 244ರವರೆಗೆ. ಸಂಪೀಡಕದ ಆರಂಭಿಕ ತಿರುಚುಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಈ ಬಲ ಶೇ. 61ರಷ್ಟೇ ಉಳಿಯುತ್ತದೆ. ಆಗ ಸಂಪೀಡಕ ತಿರುಗಲಾರದೆ ಗುಂಯ್ ಎಂದು, ಕೆಲವೇ ಕ್ಷಣಗಳಲ್ಲಿ ಬಿಸಿಯಾಗಿ, ಟಕ್ಕೆಂದು ಓವರ್‌ಲೋಡ್ ಸ್ವಿಚ್ಚು ಅದನ್ನು ನಿಲ್ಲಿಸುತ್ತದೆ. ಹೊತ್ತು ಕಳೆದು ತಣಿದ ಮೇಲೆ ಇದೇ ಆಟ ಮರುಕಳಿಸುತ್ತದೆ. ಹಗಲು ಸರಿಯಾಗಿದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಹೀಗಾದರೆ ದೋಷ ಯಂತ್ರದ್ದಲ್ಲ, ವೋಲ್ಟೇಜಿನದು. ಅದನ್ನು ಯಂತ್ರ ನಡೆಯುತ್ತಿರುವಾಗಲೇ ಅಳೆಯಬೇಕು. ನಿಂತಿರುವಾಗ ಸರಿಯಿದ್ದದ್ದು ಹೊರೆ ಬಿದ್ದೊಡನೆ ಕುಸಿಯಬಹುದು. ತೆಳುವಾದ ತಂತಿ, ಸಡಿಲವಾದ ಸಾಕೆಟ್ಟು, ಕಪ್ಪಾದ ಪ್ಲಗ್ಗು ಇವೂ ಕುಸಿತಕ್ಕೆ ಕಾರಣಗಳು. ಬೀದಿಯ ಎಲ್ಲ ಮನೆಗಳಲ್ಲೂ ವೋಲ್ಟೇಜ್ ಕಡಿಮೆಯಿದ್ದರೆ ವಿದ್ಯುತ್ ಕಂಪನಿಗೆ ದೂರು ಕೊಡುವುದೇ ಮಾರ್ಗ. ಗದಗ ಜಿಲ್ಲೆಯು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ, ಅಂದರೆ ಹೆಸ್ಕಾಂನ ವ್ಯಾಪ್ತಿಯಲ್ಲಿದ್ದು, ದೂರಿನ ಸಹಾಯವಾಣಿ 1912.

ಕೆಪಾಸಿಟರ್ ಮತ್ತು ಫ್ಯಾನು

ವೋಲ್ಟೇಜ್ ಸರಿಯಿದ್ದೂ ಸ್ಥಿರವೇಗದ ಯಂತ್ರದ ಸಂಪೀಡಕ ಹೀಗೆಯೇ ಗುಂಯ್‌ಗುಡುತ್ತಿದ್ದರೆ ಕೆಪಾಸಿಟರನ್ನು ಮೊದಲು ಶಂಕಿಸಬೇಕು. ಶಾಖಕ್ಕೆ ಇದು ಬೇಗ ಸವೆಯುತ್ತದೆ. ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಬೆಲೆಯೊಂದಿಗೆ ಮಾಪಕದಲ್ಲಿ ಸಿಕ್ಕ ಬೆಲೆಯನ್ನು ಹೋಲಿಸುತ್ತಾರೆ. ನಮೂದಿಸಿದ ಮಿತಿಗಿಂತ ಕಡಿಮೆಯಾಗಿದ್ದರೆ, ಅಥವಾ ತಲೆ ಉಬ್ಬಿ ಎಣ್ಣೆ ಸೋರಿದ್ದರೆ ಬದಲಿಸಬೇಕು. ಇದು ಅಗ್ಗದ ಬಿಡಿಭಾಗ. ಇದನ್ನು ಪರೀಕ್ಷಿಸದೆ ಸಂಪೀಡಕವೇ ಹೋಯಿತೆಂದು ಹೇಳುವ ಮಾತನ್ನು ಒಪ್ಪಬಾರದು. ಸ್ಥಿರವೇಗದ ಸಂಪೀಡಕದ ಸುತ್ತುಗಳನ್ನು ಪರೀಕ್ಷಿಸುವ ಬಗೆಯೂ ಸರಳ: ಅದರ ಕಾಮನ್, ರನ್, ಸ್ಟಾರ್ಟ್ ಎಂಬ ಮೂರು ತುದಿಗಳಲ್ಲಿ ರನ್-ಸ್ಟಾರ್ಟ್ ನಡುವಿನ ರೋಧವು ಉಳಿದೆರಡು ಜೋಡಿಗಳ ಮೊತ್ತಕ್ಕೆ ಸಮನಿರಬೇಕು, ಯಾವ ತುದಿಯೂ ಲೋಹದ ಕವಚಕ್ಕೆ ತಗುಲಿರಬಾರದು.

ಮುಖ್ಯ ಸ್ವಿಚ್ಚು ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುದಾವೇಶ ಉಳಿದಿರುತ್ತದೆ. ಇನ್ವರ್ಟರ್ ಫಲಕದಲ್ಲಿ ಅದು 300 ವೋಲ್ಟಿಗೂ ಮಿಕ್ಕಿರುವುದುಂಟು. ಆದ್ದರಿಂದ ಕವಚ ಬಿಚ್ಚುವ ಕೆಲಸವನ್ನು ತರಬೇತಿ ಪಡೆದವರಿಗೆ ಬಿಡಬೇಕು. ಅವರೂ ನಿಗದಿತ ಹೊತ್ತು ಕಾದು, ರೋಧಕದ ಮೂಲಕ ಆವೇಶವನ್ನು ಇಳಿಸಿ, ಮಾಪಕದಿಂದ ಖಚಿತಪಡಿಸಿಕೊಂಡ ಬಳಿಕವೇ ಕೈ ಹಾಕಬೇಕು.

ಸಂಪೀಡಕ ನಡೆಯುತ್ತ ಫ್ಯಾನು ಮಾತ್ರ ನಿಂತಿದ್ದರೆ ಯಂತ್ರವನ್ನು ತಕ್ಷಣ ಆರಿಸಬೇಕು. ಫ್ಯಾನಿನ ಕೆಪಾಸಿಟರ್, ಮೋಟಾರಿನ ಬೇರಿಂಗ್ ಅಥವಾ ಪಾರಿವಾಳದ ಗೂಡಿನ ಕಡ್ಡಿ ಇದಕ್ಕೆ ಕಾರಣವಾಗಿರುತ್ತದೆ. ಕಡ್ಡಿ ತೂರಿಸಿ ರೆಕ್ಕೆಯನ್ನು ತಿರುಗಿಸಿ ನೋಡುವ ರೂಢಿ ಬೆರಳು ಕಳೆದುಕೊಳ್ಳುವ ದಾರಿ.

ಕಂಡೆನ್ಸರಿನ ಸ್ವಚ್ಛತೆ

ಧೂಳು ತುಂಬಿದ ಯಂತ್ರ ಬೆಳಗ್ಗೆ ಚೆನ್ನಾಗಿ ನಡೆದು ಮಧ್ಯಾಹ್ನ ತಾನಾಗಿ ನಿಲ್ಲುತ್ತದೆ. ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಮೊದಲು ಮೃದುವಾದ ಬ್ರಷ್ಷಿನಿಂದ ಒಣ ಧೂಳನ್ನು ಕೆಡವಿ, ಬಳಿಕ ಕಡಿಮೆ ಒತ್ತಡದ ನೀರನ್ನು ಒಳಗಿನಿಂದ ಹೊರಕ್ಕೆ ಹಾಯಿಸುವುದು ಸರಿಯಾದ ವಿಧಾನ. ಹೊರಗಿನಿಂದ ಬಿರುಸಾಗಿ ಹೊಡೆದರೆ ಧೂಳು ಒಳಗೇ ಕೂರುತ್ತದೆ, ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಗಡಸಾದ ಕೊಳವೆಬಾವಿಯ ನೀರು ರೆಕ್ಕೆಗಳ ಮೇಲೆ ಬಿಳಿಯ ಪದರ ಬಿಡುವುದರಿಂದ ಸಾಧ್ಯವಿದ್ದಲ್ಲಿ ಮಳೆನೀರು ಅಥವಾ ಹೊಳೆಯ ನೀರು ಉತ್ತಮ. ವಿದ್ಯುತ್ ಭಾಗಗಳ ಮೇಲೆ ನೀರು ಬೀಳಬಾರದು.

ಸ್ವಚ್ಛವಾಗಿದ್ದೂ ಹೊರಬಿಟ್ಟ ಬಿಸಿಗಾಳಿಯೇ ಮರಳಿ ಒಳಸೇರುತ್ತಿದ್ದರೆ ಫಲವಿಲ್ಲ. ಕಳ್ಳರ ಭಯಕ್ಕೆ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂರಿಸುವುದು, ಇಕ್ಕಟ್ಟಾದ ಸಂದಿಯಲ್ಲಿ ಎದುರು ಗೋಡೆಗೆ ಮುಖ ಮಾಡಿ ಇಡುವುದು, ಮೈಮೇಲೆ ತಾಡಪತ್ರಿ ಹೊದಿಸುವುದು ಇವೆಲ್ಲ ಇಂಥ ತೊಂದರೆಗೆ ಕಾರಣ. ನೆರಳು ಬೇಕು, ಆದರೆ ಅದು ಗಾಳಿಯನ್ನು ತಡೆಯಬಾರದು.

ಅನಿಲದ ಪ್ರಶ್ನೆ

ಶೀತಕವು ಪೆಟ್ರೋಲಿನಂತೆ ಬಳಸಿ ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಅದೇ ಶೀತಕ ಸುತ್ತುತ್ತಿರುತ್ತದೆ. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ. ಸೋರಿಕೆ ಮುಚ್ಚದೆ ಪ್ರತಿ ಬೇಸಿಗೆಗೂ ಅನಿಲ ತುಂಬಿಸಿಕೊಳ್ಳುವುದು ತೂತುಗೊಡಕ್ಕೆ ನೀರು ಹಾಕಿದಂತೆ. ಪ್ರತಿ ವರ್ಷ ತುಂಬಿಸುವುದು ವಾಡಿಕೆಯ ಸೇವೆಯೆಂಬ ಮಾತಿಗೆ ಆಧಾರವಿಲ್ಲ.

ಅನಿಲದ ಕೊರತೆಯನ್ನೂ ಕಂಡೆನ್ಸರಿನ ಕೊಳೆಯನ್ನೂ ಬೇರ್ಪಡಿಸಿ ಗುರುತಿಸಲು ಸಾಧ್ಯವಿದೆ. ಎರಡರಲ್ಲೂ ತಂಪು ಕಡಿಮೆಯಾಗುತ್ತದೆ. ಆದರೆ ಸ್ಥಿರವೇಗದ ಯಂತ್ರದಲ್ಲಿ ಕೊಳೆ ತುಂಬಿದಾಗ ವಿದ್ಯುತ್ ಪ್ರವಾಹವು ಫಲಕದ ಮೇಲೆ ನಮೂದಿಸಿದ್ದಕ್ಕಿಂತ ಏರುತ್ತದೆ, ಅನಿಲ ಕಡಿಮೆಯಾದಾಗ ಇಳಿಯುತ್ತದೆ. ತಂತಿಯನ್ನು ಕತ್ತರಿಸದೆಯೇ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಇದನ್ನು ನಿಮಿಷದಲ್ಲಿ ತಿಳಿಯಬಹುದು. ತೆಳುವಾದ ಕೊಳವೆಯ ಕವಾಟದ ಬಳಿ ಹಿಮ ಕಟ್ಟುವುದು, ಜೋಡಣೆಯ ನಟ್ಟಿನ ಸುತ್ತ ಎಣ್ಣೆಯ ಕಲೆ ಕಾಣುವುದು ಇವೂ ಸೋರಿಕೆಯ ಲಕ್ಷಣಗಳು. ದಪ್ಪ ಕೊಳವೆಯ ಮೇಲೆ ನೀರಹನಿ ಮೂಡುವುದು ಮಾತ್ರ ಸಹಜ.

ಸರಿಯಾದ ದುರಸ್ತಿಯಲ್ಲಿ ಒಣ ನೈಟ್ರೋಜನ್ ತುಂಬಿ, ಸೋಪಿನ ನೊರೆಯಿಂದ ಸೋರಿಕೆಯ ಜಾಗ ಹುಡುಕಿ, ಅದನ್ನು ಬೆಸೆದು, ನಿರ್ವಾತ ಪಂಪಿನಿಂದ ಗಾಳಿ-ತೇವಗಳನ್ನು ತೆಗೆದು, ಫಲಕದಲ್ಲಿ ಬರೆದಷ್ಟೇ ಗ್ರಾಂ ಶೀತಕವನ್ನು ತೂಗಿ ತುಂಬುತ್ತಾರೆ. ನೈಟ್ರೋಜನ್ ಬದಲು ಆಮ್ಲಜನಕ ತುಂಬಿದರೆ ಸಂಪೀಡಕದ ಎಣ್ಣೆಯೊಡನೆ ಸೇರಿ ಸ್ಫೋಟವಾಗಬಲ್ಲದು. ಒಂದು ಬಗೆಯ ಶೀತಕಕ್ಕೆ ಇನ್ನೊಂದನ್ನು ಬೆರೆಸುವುದೂ ತಪ್ಪು. ಹಳೆಯ ಯಂತ್ರಗಳ ಆರ್-22 ಓಜೋನ್ ಪದರಕ್ಕೆ ಹಾನಿಕರವಾದ್ದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಬಳಕೆಯಿಂದ ಹಿಂದೆ ಸರಿಯುತ್ತಿದೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಆರ್-32 ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವಂಥದು. ಆರ್-290 ಎಂಬುದು ಪ್ರೋಪೇನ್. ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಇವುಗಳ ಬಳಿ ಬೀಡಿ ಹಚ್ಚುವುದೂ, ಅನಿಲ ಉಳಿದಿರುವಾಗಲೇ ಬೆಂಕಿಯಿಂದ ಬೆಸೆಯುವುದೂ ಅಪಾಯ.

ಆಧಾರ ಮತ್ತು ಸದ್ದು

ಗಡಗಡ ಸದ್ದಿಗೆ ಸಡಿಲವಾದ ನಟ್ಟು ಅಥವಾ ಗಟ್ಟಿಯಾದ ರಬ್ಬರು ಕಾರಣವಾಗಿರಬಹುದು. ಮಣ್ಣಿನ ಗೋಡೆಗೆ ಹೊಡೆದ ಬೋಲ್ಟು ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ. ಅಂಥ ಕಡೆ ನೆಲದ ಮೇಲೆ ಕಟ್ಟೆ ಕಟ್ಟಿ ಕೂರಿಸುವುದು ಲೇಸು. ಎರೆಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಕಟ್ಟೆಯ ಬುನಾದಿ ಗಟ್ಟಿಯಿರಬೇಕು, ಇಲ್ಲವಾದರೆ ಯಂತ್ರ ವಾಲಿ ಕೊಳವೆಯ ಜೋಡಣೆ ಬಿಡುತ್ತದೆ. ಎತ್ತರದಲ್ಲಿರುವ ಘಟಕವನ್ನು ಸುರಕ್ಷಾ ಪಟ್ಟಿಯಿಲ್ಲದೆ ದುರಸ್ತಿ ಮಾಡಿಸುವುದು ಕೆಲಸದವನ ಪ್ರಾಣದೊಡನೆ ಆಡಿದಂತೆ.

ದುರಸ್ತಿ ಮತ್ತು ಗ್ರಾಹಕರ ಹಕ್ಕು

ಸಂಪೀಡಕಕ್ಕೆ ಹಲವು ತಯಾರಕರು ಯಂತ್ರಕ್ಕಿಂತ ದೀರ್ಘವಾದ ಖಾತರಿ ನೀಡುತ್ತಾರೆ. ಆದರೆ ಆ ಖಾತರಿಯಲ್ಲಿ ಅನಿಲ ಹಾಗೂ ಕೂಲಿ ಸೇರಿರದಿರಬಹುದು. ಪಿಸಿಬಿಗೆ ಪ್ರತ್ಯೇಕ ಅವಧಿಯಿರುತ್ತದೆ. ಬಿಲ್ಲು, ಖಾತರಿ ಪತ್ರ ಹಾಗೂ ಪ್ರತಿ ದುರಸ್ತಿಯ ರಸೀತಿಯನ್ನು ಜೋಪಾನ ಮಾಡಬೇಕು. ಬದಲಿಸಿದ ಹಳೆಯ ಬಿಡಿಭಾಗವನ್ನು ತೋರಿಸುವಂತೆ ಕೇಳುವುದರಲ್ಲಿ ಸಂಕೋಚ ಬೇಡ. ಖಾತರಿಯನ್ನು ಪಾಲಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಸಲ್ಲಿಸಬಹುದು. ಖರೀದಿದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಕಲ್ಪಿಸಿದೆ.