ಚಪ್ಪಲಿ ಕಥೆ: ಅಜ್ಜಿ ಹೇಳಿದ್ದು ಸುಳ್ಳಲ್ಲ

ಫೋಟೋದಲ್ಲಿರೋ ಕಪ್ಪು ಚಪ್ಪಲಿ ನಮ್ಮಜ್ಜಿದು. ಊರು ಟಿ. ನರಸೀಪುರ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷ ಆಯ್ತು. ಹೋದ ವರ್ಷ ಒಂದಿನ ಸಂಗಮಕ್ಕೆ ಹೋಗಿ ಬಂದು ಚಪ್ಪಲಿ ಬಿಟ್ರೆ, ಒಳಗೆ ಜಲ್ಲಿಕಲ್ಲು. ಅಂಗಾಲೆಲ್ಲ ರಕ್ತ. ಅಜ್ಜಿಗೆ ಗೊತ್ತೇ ಆಗಿರ್ಲಿಲ್ಲ!

ಡಾಕ್ಟ್ರು ಎಂಸಿಆರ್ ಚಪ್ಪಲಿ ಬರೆದುಕೊಟ್ರು. ತಂದಿಟ್ರೆ ಅಜ್ಜಿ, “ಇದು ಕುಷ್ಠದೋರ ಚಪ್ಲಿ ಕಣ್ ಮಗ, ನಾ ಹಾಕಲ್ಲ” ಅಂದ್ರು. ವಾದ ಗೆಲ್ಲೋಣ ಅಂತ ಹುಡುಕೋಕೆ ಕೂತೆ. ಸೋತೆ ಕಣ್ರೋ. ಅಜ್ಜಿ ಹೇಳಿದ್ದೇ ನಿಜ.

1946ರಲ್ಲಿ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ್ರು. ಇಂಗ್ಲಿಷ್ ದಂಪತಿಯ ಮಗ, ಆದ್ರೆ ಹುಟ್ಟಿದ್ದು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, 1914ರಲ್ಲಿ. ಕುಷ್ಠ ಬಂದ್ರೆ ಬೆರಳು ತಾನಾಗೇ ಕೊಳೆತು ಉದುರುತ್ತೆ ಅಂತ ಆಗ ಜನ ನಂಬಿದ್ರು. ಬ್ರ್ಯಾಂಡ್ ಮತ್ತು ಅವರ ಜೊತೆಯವರು ತೋರಿಸಿಕೊಟ್ಟಿದ್ದು ಬೇರೆ. ರೋಗ ಕೆಡಿಸೋದು ನರಗಳನ್ನ. ನರ ಹೋದ್ರೆ ನೋವೂ ಹೋಯ್ತು. ನಿಮಗೆ ಕಾಲು ನೋವಾದ್ರೆ ಕುಂಟ್ತೀರಿ ಅಲ್ವಾ? ಆ ಕುಂಟೋದೇ ಕಾಲು ಉಳಿಸೋದು. ನೋವಿಲ್ಲದವರು ಗಾಯದ ಮೇಲೇ ನಡೀತಾ ಹೋಗ್ತಾರೆ.

ಹಾಗಾಗಿ ವೆಲ್ಲೂರಲ್ಲಿ, ಪಕ್ಕದ ಕರಿಗಿರಿ ಆಸ್ಪತ್ರೆಯಲ್ಲಿ ಚಪ್ಪಲಿ ಮೇಲೇ ಪ್ರಯೋಗ ನಡೀತು. ನಿಂತಿದ್ದು ಮೈಕ್ರೋಸೆಲ್ಯುಲರ್ ರಬ್ಬರ್, ಅದೇ ಎಂಸಿಆರ್. ಒಳಗೆಲ್ಲ ಸಣ್ಣ ಗಾಳಿಗುಳ್ಳೆ, ಹಾಗಾಗಿ ಭಾರ ಒಂದೇ ಕಡೆ ಬೀಳದೆ ಅಂಗಾಲಿಗೆಲ್ಲ ಹಂಚಿಹೋಗುತ್ತೆ. ಕೆಳಗೆ ಮುಳ್ಳು ತೂರದ ಗಟ್ಟಿ ಅಟ್ಟೆ. ಮೊಳೆ ಹೊಡೆಯೋ ಹಾಗಿಲ್ಲ, ಅಂಟಿಸ್ಬೇಕು ಇಲ್ಲ ಹೊಲಿಬೇಕು. ಹಿಮ್ಮಡಿಗೆ ಪಟ್ಟಿ ಯಾಕೆ ಗೊತ್ತಾ? ಸ್ಪರ್ಶ ಇಲ್ಲದ ಕಾಲಿಂದ ಚಪ್ಪಲಿ ಕಳಚಿ ಬಿದ್ರೂ ತಿಳಿಯಲ್ಲ!

1960ರ ದಶಕದಲ್ಲಿ ಬ್ರ್ಯಾಂಡ್ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ್ರು. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣೂ ಇದೇ ಥರದ್ದು ಅಂತ ಅಲ್ಲಿ ಅವರಿಗೆ ಕಾಣ್ತು. ಅಂದ್ರೆ ನಮ್ಮಜ್ಜಿ ಕಾಲಿಗೆ ಬಂದಿರೋದು ಕುಷ್ಠರೋಗಿಗಳ ಕಾಲು ಕಲಿಸಿದ ಪಾಠ.

ಆದ್ರೆ ಅಜ್ಜಿ ನಾಚಿಕೆಗೂ ಇತಿಹಾಸ ಇದೆ. ಚಪ್ಪಲಿ ನೋಡಿದ್ರೆ ಸಾಕು, ರೋಗ ಯಾವ್ದು ಅಂತ ಊರಿಗೆಲ್ಲ ಗೊತ್ತಾಗೋದು. ಅದಕ್ಕೇ ಎಷ್ಟೋ ಜನ ಕೊಟ್ಟ ಚಪ್ಪಲಿ ಹಾಕ್ತಾನೇ ಇರ್ಲಿಲ್ಲ. ಈಗ ಕುಷ್ಠ ಮಾತ್ರೆಯಲ್ಲೇ ವಾಸಿಯಾಗುತ್ತೆ, ಹೆಸರಿನ ಭಯ ಮಾತ್ರ ಹಾಗೇ ಇದೆ.

ಇದನ್ನೆಲ್ಲ ಹೇಳಿದ್ಮೇಲೆ ಅಜ್ಜಿ, “ನಾ ಹೇಳ್ನಿಲ್ವಾ” ಅಂತ ನಕ್ಕರು. ಈಗ ಮನೆಯೊಳಗೆ ಹಾಕ್ಕೋತಾರೆ, ಬೀದಿಗೆ ಇನ್ನೂ ಇಲ್ಲ. ದೊಡ್ಡ ಜಾತ್ರೆಗೆ ನಂಜನಗೂಡಿಗೆ ಕರ್ಕೊಂಡೋಗು ಅಂತಿದಾರೆ. ಆ ಬಿಸಿಲಲ್ಲಿ ರಸ್ತೆ ಟಾರು ಕಾದ ಕಾವಲಿ. ನಾನು ಒಂದೇ ಷರತ್ತು ಹಾಕಿದೀನಿ. ಅಜ್ಜಿ ಇನ್ನೂ ಹೂಂ ಅಂದಿಲ್ಲ.

#ಚಪ್ಪಲಿಕಥೆ #ನರಸೀಪುರ #ನಂಜನಗೂಡು