ಮೂರೇ ಮ್ಯಾಚ್, ಏಳೇ ಪಾಯಿಂಟ್: ವಾಟ್ ಮಿಸಾಕಾ ಕಥೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲಿಂದ ಕೇಳ್ತಿದ್ರೂ ಸ್ವಾಗತ. ತಾಲ್ಲೂಕು ಮಟ್ಟದಲ್ಲಿ ಗೆದ್ದು, ಸೆಲೆಕ್ಷನ್‌ಗೆ ದಾವಣಗೆರೆಗೆ ಹೋಗಿ, ಲಿಸ್ಟಲ್ಲಿ ಹೆಸರಿಲ್ಲ ಅಂತ ಸಂಜೆ ಬಸ್ಸಿಗೆ ವಾಪಸ್ ಬಂದವರು ನಿಮ್ಮಲ್ಲಿ ಎಷ್ಟೋ ಜನ ಇರ್ತೀರಿ. ಇವತ್ತಿನ ಕಥೆ ನಿಮಗೇ.

ಅಮೆರಿಕದ ಯೂಟಾ ರಾಜ್ಯದ ಆಗ್ಡನ್ ಊರಿನಲ್ಲಿ 1923ರಲ್ಲಿ ವಾಟ್ ಮಿಸಾಕಾ ಹುಟ್ಟಿದರು. ತಂದೆ-ತಾಯಿ ಜಪಾನಿನಿಂದ ವಲಸೆ ಬಂದವರು. ತಂದೆಯದು ಕ್ಷೌರದಂಗಡಿ. ಅದೇ ಕಟ್ಟಡದ ನೆಲಮಾಳಿಗೆಯೇ ಮನೆ. ಮಿಸಾಕಾಗೆ 15 ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಜಪಾನಿಗೆ ವಾಪಸ್ ಹೋಗೋಣ ಅಂದರು ತಾಯಿ. ಮಗ ಒಪ್ಪಲಿಲ್ಲ. ಕೊನೆಗೆ ತಾಯಿಯೇ ಅಂಗಡಿ ನಡೆಸಿ ಮಕ್ಕಳನ್ನ ಸಾಕಿದರು.

ಎರಡನೇ ಮಹಾಯುದ್ಧ ಬಂತು. ಜಪಾನ್ ಶತ್ರು ದೇಶವಾಯ್ತು. ಪಶ್ಚಿಮ ಕರಾವಳಿಯ ಸುಮಾರು 1.2 ಲಕ್ಷ ಜಪಾನಿ ಮೂಲದ ಜನರನ್ನ ಅಮೆರಿಕ ಸರ್ಕಾರ ಮನೆ ಬಿಡಿಸಿ ಶಿಬಿರಗಳಿಗೆ ತಳ್ಳಿತು. ಯೂಟಾ ಒಳನಾಡು. ಹಾಗಾಗಿ ಮಿಸಾಕಾ ಮನೆಯವರು ಬಚಾವಾದರು. ಆದರೆ ಮುಖ ನೋಡಿ ಅನುಮಾನ ಪಡುವವರ ನಡುವೆಯೇ ಅವರು ಆಡಬೇಕಿತ್ತು.

ಎತ್ತರ ಬರೀ 5 ಅಡಿ 7 ಇಂಚು. ಆದರೆ ಓಟ, ಚುರುಕು ಜೋರು. 1944ರಲ್ಲಿ ಯೂಟಾ ವಿಶ್ವವಿದ್ಯಾಲಯ ತಂಡ ಹೆಚ್ಚುವರಿ ಸಮಯದಲ್ಲಿ ಡಾರ್ಟ್‌ಮತ್ ತಂಡವನ್ನ 42-40ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯ್ತು. ಆಮೇಲೆ ಮಿಸಾಕಾ ಸೇನೆಗೆ ಹೋದರು. ಅಣುಬಾಂಬ್ ಬಿದ್ದ ಹಿರೋಶಿಮಾದಲ್ಲಿ, ಬದುಕುಳಿದವರ ಜೊತೆ ಮಾತಾಡಿ ಮಾಹಿತಿ ಸಂಗ್ರಹಿಸೋ ಕೆಲಸ ಅವರ ಪಾಲಿಗೆ ಬಂತು. ತನ್ನದೇ ಮುಖದ ಜನ, ಆದರೆ ಮೈಮೇಲೆ ಅಮೆರಿಕದ ಸಮವಸ್ತ್ರ. ಆ ಸಂಕಟ ಊಹಿಸಿ ನೋಡಿ.

ವಾಪಸ್ ಬಂದು ಮತ್ತೆ ಅಂಕಣಕ್ಕಿಳಿದರು. 1947ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಲಾಢ್ಯ ಕೆಂಟಕಿ ವಿರುದ್ಧ ಫೈನಲ್. ಎದುರಾಳಿಯ ಸ್ಟಾರ್ ರಾಲ್ಫ್ ಬೇರ್ಡ್ ಬೆನ್ನು ಬಿಡದ ಮಿಸಾಕಾ, ಅವರಿಗೆ ಸಿಗಲು ಬಿಟ್ಟದ್ದು ಒಂದೇ ಪಾಯಿಂಟ್! ಯೂಟಾ 49-45ರಿಂದ ಗೆದ್ದಿತು.

ಅದೇ ವರ್ಷ ನ್ಯೂಯಾರ್ಕ್ ನಿಕ್ಸ್ ತಂಡ ಮಿಸಾಕಾರನ್ನ ಆರಿಸಿಕೊಂಡಿತು. ಆಗ ಲೀಗ್ ಶುರುವಾಗಿ ಒಂದೇ ವರ್ಷ. ಮುಂದೆ ಎನ್‌ಬಿಎ ಆಗಿದ್ದು ಅದೇ ಲೀಗ್. ಅಲ್ಲಿ ಆಡಿದ ಮೊದಲ ಬಿಳಿಯೇತರ ಆಟಗಾರ ಇವರೇ. ಕಪ್ಪು ವರ್ಣೀಯ ಆಟಗಾರರು ಎನ್‌ಬಿಎ ಅಂಕಣಕ್ಕಿಳಿಯಲು 1950ರವರೆಗೆ ಕಾಯಬೇಕಾಯ್ತು.

ಆಡಿದ್ದು ಮೂರೇ ಮ್ಯಾಚ್. ಗಳಿಸಿದ್ದು ಏಳೇ ಪಾಯಿಂಟ್. ಆಮೇಲೆ ತಂಡದಿಂದ ಕೈಬಿಟ್ಟರು. ಇದರ ಹಿಂದೆ ಜನಾಂಗ ಭೇದ ಇತ್ತಾ? ತಂಡದಲ್ಲಿ ಗಾರ್ಡ್‌ಗಳು ಜಾಸ್ತಿ ಇದ್ದರು ಅಂತಲೇ ಮಿಸಾಕಾ ಹೇಳ್ತಿದ್ರು. ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಕರೆದರೂ ಹೋಗದೆ ಊರಿಗೆ ಮರಳಿದರು. ಓದು ಮುಗಿಸಿ ಎಂಜಿನಿಯರ್ ಆದರು. 2019ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು.

ಅಂಕಿ-ಅಂಶದ ಪಟ್ಟಿಯಲ್ಲಿ ಮಿಸಾಕಾ ತೀರಾ ಕೆಳಗೆ. ಆದರೆ ಮುಚ್ಚಿದ್ದ ಬಾಗಿಲು ಮೊದಲು ತೆರೆದಿದ್ದು ಅವರಿಗೇ. 2015ರಲ್ಲಿ ಪಂಜಾಬಿನ ಹಳ್ಳಿ ಹುಡುಗ ಸತ್ನಾಮ್ ಸಿಂಗ್, ಎನ್‌ಬಿಎ ತಂಡವೊಂದು ಆರಿಸಿಕೊಂಡ ಮೊದಲ ಭಾರತೀಯನಾದಾಗ, ಆ ಬಾಗಿಲು ತೆರೆದು 68 ವರ್ಷ ಆಗಿತ್ತು.

ಲಿಸ್ಟಲ್ಲಿ ಹೆಸರು ಬರದ ದಿನ ಬೇಜಾರಾಗುತ್ತೆ, ಆಗಲಿ. ಆದರೆ ಆವತ್ತು ಆಟ ಮುಗೀಬಹುದೇ ಹೊರತು ಬದುಕಲ್ಲ. ಮುಂದಿನ ಸಂಚಿಕೆಯಲ್ಲಿ ಸಿಗೋಣ.