ಸೋತವನೇ ನಾಣ್ಯ ಹಾಕಬೇಕು

1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ಆಟವನ್ನು ಆರ್ಕೇಡ್‌ಗಳಿಗೆ ತಂದಿತು. ಅಲ್ಲಿನ ರೂಢಿ ಸರಳ: ಗೆದ್ದವನು ಯಂತ್ರದ ಮುಂದೆಯೇ ನಿಲ್ಲುತ್ತಾನೆ, ಸೋತವನು ಮತ್ತೆ ಆಡಬೇಕೆಂದರೆ ಹೊಸ ನಾಣ್ಯ ಹಾಕಬೇಕು. ಸಿಕ್ಕ ಸಿಕ್ಕ ಗುಂಡಿ ಒತ್ತುತ್ತಿದ್ದ ಹುಡುಗರು ಪಟುಗಳಾಗತೊಡಗಿದ್ದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಸೋಲಿಗೆ ಕಾಸು ತೆತ್ತವನು ‘ಯಾಕೆ ಸೋತೆ?’ ಎಂದು ಯೋಚಿಸಿಯೇ ಯೋಚಿಸುತ್ತಾನೆ.

1996ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಆರ್ಕೇಡ್ ಒಂದರಲ್ಲಿ ಸುಮಾರು 40 ಮಂದಿ ಸೇರಿ ಆಡಿದ ‘ಬ್ಯಾಟಲ್ ಬೈ ದ ಬೇ’ ಪಂದ್ಯಾವಳಿಯೇ ಮುಂದೆ ‘ಇವೋ’ ಆಯಿತು. 2004ರ ಇವೋದಲ್ಲಿ ‘ಸ್ಟ್ರೀಟ್ ಫೈಟರ್ 3’ ಆಡುತ್ತಿದ್ದ ಜಪಾನಿನ ಡೈಗೊ ಉಮೆಹರಾ ಅವರ ಪಾತ್ರಕ್ಕೆ ಕೂದಲೆಳೆಯಷ್ಟು ಜೀವ ಉಳಿದಿತ್ತು. ಅಮೆರಿಕದ ಜಸ್ಟಿನ್ ವಾಂಗ್ 15 ಏಟುಗಳ ಸರಣಿಯನ್ನೇ ಹರಿಬಿಟ್ಟರು. ಅಡ್ಡ ಹಿಡಿದರೂ ಒಂದಿಷ್ಟು ಜೀವ ಸವೆದು ಸಾವು ಖಚಿತ. ಉಳಿದದ್ದು ಒಂದೇ ದಾರಿ: ಏಟು ತಗಲುವ ಕ್ಷಣಕ್ಕೆ ಸರಿಯಾಗಿ ಕಡ್ಡಿಯನ್ನು ಎದುರಾಳಿಯತ್ತಲೇ ಒತ್ತುವುದು. ಉಮೆಹರಾ 15 ಏಟುಗಳನ್ನೂ ಹಾಗೆಯೇ ತಳ್ಳಿ ಪಂದ್ಯ ಗೆದ್ದರು. ಫೈನಲ್‌ನಲ್ಲಿ ಸೋತರು; ಅದು ಯಾರಿಗೂ ಅಷ್ಟಾಗಿ ನೆನಪಿಲ್ಲ.

2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಜಪಾನಿನ ಇವೋ, ಅಮೆರಿಕದ ಇವೋ ಎರಡರಲ್ಲೂ ‘ಟೆಕ್ಕನ್ 7’ ಗೆದ್ದಾಗ ಜಗತ್ತು ಬೆರಗಾಯಿತು. ನಮ್ಮಲ್ಲಿ ಇನ್ನೂ ಬಲವಾದ ಆಟಗಾರರಿದ್ದಾರೆ ಎಂದರು ಅವರು. ನನಗೆ ಈ ಚರಿತ್ರೆಯ ಕೀಲಿ ಸಿಕ್ಕಿದ್ದು ಆ ಮಾತಿನಲ್ಲಿ. ದಿನಾ ಸೋಲಿಸುವವರು ಪಕ್ಕದಲ್ಲೇ ಇದ್ದ ಊರಿನಿಂದ ಚಾಂಪಿಯನ್ ಬಂದದ್ದರಲ್ಲಿ ಬೆರಗೇನಿದೆ?